ಐದನೆಯ ಕಾಲು

ಸಂಜೆ ಆರೂವರೆ. ಅತ್ತೆ ಎರ್ಸಿಲಿಯಾ
ಕೆಂಪು ರಿಬ್ಬನ್ ಕಟ್ಟಿದ ಮರದ ಸೌಟನ್ನು
ತಲೆಯ ಮೇಲೆತ್ತಿ ಹಿಡಿದಳೆಂದರೆ
ಹಸಿದ ಹನ್ನೆರಡು ಜನ ಅವಳ ಹಿಂದೆ.
ನಾನು ಬಾಲ.
ತಲೆ ಎಣಿಸುವುದು, ನೀರಿನ ಬಾಟಲಿ ಹೊರುವುದು,
ಚಪ್ಪಲಿ ಅಂಗಡಿಯ ಮುಂದೆ ಮೈಮರೆತವರನ್ನು
ಮೆಲ್ಲಗೆ ಸಾಲಿಗೆ ಸೇರಿಸುವುದು ನನ್ನ ಪಾಲಿಗೆ.

ಟೆಸ್ಟಾಚೊ ನಮ್ಮ ಕೇರಿ. ರೋಮಿನ ಕಸಾಯಿಖಾನೆ ಇದ್ದ ಕೇರಿ.
ಮೊದಲು ಕರಿದ ಅನ್ನದುಂಡೆ:
ಮುರಿದರೆ ಎರಡು ಹೋಳಿನ ನಡುವೆ ಚೀಸಿನ ಎಳೆ.
"ಟೆಲಿಫೋನ್ ತಂತಿ ಇದು, ಹಲೋ ಅನ್ನಿ."
ಎಲ್ಲರೂ ಹಲೋ ಅನ್ನುತ್ತಾರೆ. ದಿನಾ ಅನ್ನುತ್ತಾರೆ.
ಆ ಕಡೆ ಯಾರೂ ಎತ್ತಿಕೊಂಡದ್ದಿಲ್ಲ.

ಆಮೇಲೆ ಲೆಕ್ಕದ ಪಾಠ:
"ದನ ಸೀಳಿದರೆ ನಾಲ್ಕು ಕಾಲುಭಾಗ.
ಒಂದು ಕಾಲು ದೊಡ್ಡಮನೆಗೆ, ಒಂದು ಪಾದ್ರಿಗಳಿಗೆ,
ಒಂದು ವರ್ತಕರಿಗೆ, ಒಂದು ಸಿಪಾಯಿಗಳಿಗೆ.
ನಾಲಿಗೆ, ಕರುಳು, ಗುಂಡಿಗೆ, ಬಾಲ ಉಳಿಯಿತಲ್ಲ,
ಅದು ಕೊಯ್ದವನ ಕೂಲಿಗೆ.
ಐದನೆಯ ಕಾಲು ಅಂತಾರೆ."
ನಾಲ್ಕು ಕಾಲು ಕೂಡಿದರೆ ಒಂದು, ಅಲ್ಲಿಗೆ ಮುಗಿಯಿತು;
ಐದನೆಯದರ ಮೇಲೆ ನಿಂತಿದೆ
ಲೆಕ್ಕಕ್ಕೆ ಬಾರದ ನಮ್ಮ ಓಣಿ.

ಮೂರನೆಯ ಮನೆಯಲ್ಲಿ ಬಾಲದ ಸಾರು.
ಐದು ತಾಸು ಬೆಂದು, ಸೆಲರಿ ದಂಟು, ಟೊಮ್ಯಾಟೊ,
ಕೊನೆಗೆ ಚಿಟಿಕೆ ಕೋಕೋ.
ಅದರ ಜೊತೆಗೆ ಅತ್ತೆ ಬಡಿಸುವ ಕಥೆ:
"ನನ್ನಜ್ಜ ನಿಕೋದೆಮೊ ಶನಿವಾರ ರಾತ್ರಿ
ಹಳೇ ಪೇಪರಿನಲ್ಲಿ ಸುತ್ತಿ ಬಾಲ ತರುತ್ತಿದ್ದ.
ಪೇಪರು ನೆನೆದು ಅಕ್ಷರ ಕೈಗೆ ಅಂಟುತ್ತಿತ್ತು.
ನಮ್ಮಜ್ಜಿ ಓದು ಕಲಿತದ್ದು ಹಾಗೆ."
ಈ ಮಾತಿಗೆ ಒಬ್ಬರಾದರೂ ಕಣ್ಣೊರೆಸಿಕೊಳ್ಳುತ್ತಾರೆ.

ಇವತ್ತು ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದ
ನಜ್ಜರೇನೊ, ಎಂಬತ್ತನಾಲ್ಕು,
ಎಡಗೈಯಲ್ಲಿ ಮೂರೇ ಬೆರಳು,
ಉಳಿದೆರಡು ಆ ಕಸಾಯಿಖಾನೆಯ ಬಾಕಿ.
ನಮ್ಮ ಕೇರಿಯ ಮಾತಲ್ಲೇ ಹೇಳಿದ:
"ಏ ಎರ್ಸಿ, ಬಾಲ ಎಲ್ಲಿ ಮನೆ ಮುಟ್ಟಿತು?
ಗೇಟಿನಲ್ಲೇ ಹೋಟೆಲಿನವನಿಗೆ ಮಾರುತ್ತಿದ್ದ ನಿಮ್ಮಜ್ಜ.
ಒಂದು ಸೈಕಲ್ಲಿನ ಕಂತು ಕಟ್ಟಲಿಕ್ಕೆ.
ಅವನಿಗೆ ತುಳಿಯಲಿಕ್ಕೂ ಬರುತ್ತಿರಲಿಲ್ಲ.
ನಿಮ್ಮಜ್ಜಿ ಬರೀ ಸೆಲರಿ ಬೇಯಿಸುತ್ತಿದ್ದಳು,
ಕಿಟಕಿ ತೆರೆದಿಟ್ಟು,
ಓಣಿಯವರು ಮೂಸಿ ನೋಡಿಕೊಳ್ಳಲಿ ಅಂತ."

ಚಮಚದ ಸದ್ದು ನಿಂತಿತು.
"ಏನಂದರು ತಾತ?" ಹನ್ನೆರಡು ಮುಖ.
ಅತ್ತೆ ಸೌಟು ನೋಡಿದಳು, ನನ್ನನ್ನು ನೋಡಿದಳು.
"ಹೊಟ್ಟೆ ತುಂಬ ಉಣ್ಣಿ ಅಂತಾನೆ" ಅಂದಳು.

ಕೊನೆಗೆ ಬೋಕಿಗುಡ್ಡ. ಎರಡು ಸಾವಿರ ವರ್ಷದ ಹಿಂದೆ
ಹಡಗಿನಲ್ಲಿ ಬಂದ ಎಣ್ಣೆಯ ಗಡಿಗೆಗಳನ್ನು
ಬರಿದು ಮಾಡಿ, ಒಡೆದು, ಪೇರಿಸಿದ್ದು.
ಈಗ ಮೇಲೆ ಹುಲ್ಲಿದೆ. ಹೊಟ್ಟೆಯಲ್ಲಿ ತಣ್ಣಗೆ ದ್ರಾಕ್ಷಾರಸ.
ಇಲ್ಲಿ ಹೇಳುವ ಜೋಕನ್ನು ಅತ್ತೆ ಮರೆತಳು.
ನಾನು ತಲೆ ಎಣಿಸಿದೆ: ಹದಿಮೂರು.
ಬಾಲದ ಹಿಂದೊಂದು ಬಾಲ,
ನಜ್ಜರೇನೊ, ಕೈಯಲ್ಲಿ ಯಾರದೋ ತಟ್ಟೆ,
ಪುದೀನ ಹಾಕಿದ ಕರುಳನ್ನು ಬ್ರೆಡ್ಡಿನಿಂದ ಒರೆಸುತ್ತ.

ಎಲ್ಲರೂ ಹೋದಮೇಲೆ ಕೇಳಿದೆ:
ನಾಳೆ ಯಾವ ಕಥೆ ಅತ್ತೆ?
"ಬಾಲದ್ದೇ. ಸೈಕಲ್ ತಿನ್ನಲಿಕ್ಕೆ ಯಾರು ದುಡ್ಡು ಕೊಡ್ತಾರೆ?"
ನಕ್ಕಳು. ನಗು ಪೂರ್ತಿ ಆಗಲಿಲ್ಲ.

ಷಟರ್ ಎಳೆಯುತ್ತಿದ್ದ ತರಕಾರಿಯವನನ್ನು ತಡೆದು
ಒಂದು ಕಟ್ಟು ಸೆಲರಿ ಕೊಂಡಳು,
ಸೌಟನ್ನು ನನ್ನ ಕೈಗಿತ್ತಳು,
ಅಭ್ಯಾಸಬಲವೋ ಏನೋ,
ಆ ಹಸಿರು ಕಟ್ಟನ್ನೇ ತಲೆಯ ಮೇಲೆತ್ತಿ ಹಿಡಿದು
ಖಾಲಿ ಬೀದಿಯಲ್ಲಿ ಮುಂದೆ ಮುಂದೆ ನಡೆದಳು.
ಹಿಂದೆ ನಾನೊಬ್ಬನೇ.
ಆದರೂ ಎಣಿಸಿದೆ.